ಆಬ್ಜೆಕ್ಟ್-ರಿಲೇಶನಲ್ ಮ್ಯಾಪಿಂಗ್ ಮತ್ತು ಬೇರೆ ಬೇರೆ ದತ್ತಸಂಚಯಗಳ ಜೋಡಣೆ

ಆಬ್ಜೆಕ್ಟ್-ರಿಲೇಶನಲ್ ಮ್ಯಾಪಿಂಗ್, ಸಂಕ್ಷೇಪವಾಗಿ ಒಆರ್‌ಎಂ, ಎಂಬುದು ದತ್ತಸಂಚಯದ ಕೋಷ್ಟಕಗಳಲ್ಲಿ ಸಾಲುಸಾಲಾಗಿ ಇರುವ ಮಾಹಿತಿಯನ್ನು ತಂತ್ರಾಂಶದೊಳಗಿನ 'ವಸ್ತು'ಗಳ ರೂಪಕ್ಕೂ, ಆ ವಸ್ತುಗಳನ್ನು ಮರಳಿ ಕೋಷ್ಟಕದ ಸಾಲುಗಳ ರೂಪಕ್ಕೂ ಪರಿವರ್ತಿಸುವ ತಂತ್ರ. ಒಂದೇ ದತ್ತಸಂಚಯದ ಕೋಷ್ಟಕಗಳನ್ನು ಪರಸ್ಪರ ಜೋಡಿಸುವ ಕೆಲಸವನ್ನು ಇದು ಬಹುಮಟ್ಟಿಗೆ ಸುಲಭಗೊಳಿಸಿದೆ. ಆದರೆ ಮಾಹಿತಿಯು ಬೇರೆ ಬೇರೆ ದತ್ತಸಂಚಯಗಳಲ್ಲಿ, ಬೇರೆ ಬೇರೆ ಇಲಾಖೆಗಳ ವಶದಲ್ಲಿ ಇದ್ದಾಗ ಜೋಡಣೆಯು ಕಠಿಣವಾಗುತ್ತದೆ. ಒಂದೇ ದತ್ತಸಂಚಯದಲ್ಲಿ ಗಣಕವೇ ಕಾಯುತ್ತಿದ್ದ ಸಂಬಂಧವನ್ನು ಆಗ ಮನುಷ್ಯರು ಒಪ್ಪಂದದ ಮೂಲಕ ಕಾಯಬೇಕಾಗುತ್ತದೆ.

ಕರ್ನಾಟಕದಲ್ಲಿ ಇಂತಹ ಜೋಡಣೆಗೆ ಸುಪರಿಚಿತವಾದ ಉದಾಹರಣೆ ಕಂದಾಯ ಇಲಾಖೆಯ 'ಭೂಮಿ' ಮತ್ತು ನೋಂದಣಿ ಇಲಾಖೆಯ 'ಕಾವೇರಿ' ವ್ಯವಸ್ಥೆಗಳ ನಡುವಿನ ಸಂಪರ್ಕ. ಪಹಣಿಯನ್ನು, ಅಂದರೆ ಮುಧೋಳ, ಜಮಖಂಡಿ ಮೊದಲಾದ ಕಡೆ 'ಉತಾರ' ಎಂದು ಕರೆಯುವ ಪತ್ರವನ್ನು ಪಡೆಯುವ ಪ್ರತಿಯೊಬ್ಬ ರೈತನೂ ಈ ಜೋಡಣೆಯ ಫಲವನ್ನೋ ಅದರ ಲೋಪವನ್ನೋ ಅನುಭವಿಸುತ್ತಾನೆ.

ಕೋಷ್ಟಕ ಮತ್ತು ಕೀಲಿ

ಸಂಬಂಧಾತ್ಮಕ ದತ್ತಸಂಚಯದ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ 1970ರಲ್ಲಿ ಪ್ರಕಟಿಸಿದರು. ಇದರಲ್ಲಿ ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಲಾಗುತ್ತದೆ. ಕೋಷ್ಟಕದ ಒಂದೊಂದು ಸಾಲು ಒಂದೊಂದು ಸಂಗತಿಯನ್ನು, ಒಂದೊಂದು ಅಂಕಣ ಆ ಸಂಗತಿಯ ಒಂದೊಂದು ಗುಣವನ್ನು ಹೇಳುತ್ತದೆ. ಕೋಷ್ಟಕಗಳೊಡನೆ ವ್ಯವಹರಿಸಲು ಬಳಸುವ ಭಾಷೆ ಎಸ್‌ಕ್ಯೂಎಲ್.

ಒಂದು ಸಾಲನ್ನು ಉಳಿದೆಲ್ಲ ಸಾಲುಗಳಿಂದ ಬೇರ್ಪಡಿಸಿ ಗುರುತಿಸುವ ಅಂಕಣಕ್ಕೆ 'ಪ್ರೈಮರಿ ಕೀ' ಎಂದು ಹೆಸರು. ಇದನ್ನು ಪ್ರಧಾನ ಕೀಲಿ ಎನ್ನಬಹುದು. ಒಂದು ಕೋಷ್ಟಕದ ಪ್ರಧಾನ ಕೀಲಿಯನ್ನು ಇನ್ನೊಂದು ಕೋಷ್ಟಕದಲ್ಲಿ ಬರೆದುಕೊಂಡರೆ ಅದು ಅಲ್ಲಿ 'ಫಾರಿನ್ ಕೀ', ಅಂದರೆ ಅನ್ಯ ಕೀಲಿ, ಆಗುತ್ತದೆ.

ಶಾಲೆಯ ದಫ್ತರಗಳಿಂದ ಇದನ್ನು ಸುಲಭವಾಗಿ ತಿಳಿಯಬಹುದು. ತರಗತಿಯ ಹಾಜರಿ ಕ್ರಮಾಂಕವು ವರ್ಷವರ್ಷವೂ ಬದಲಾಗುವುದರಿಂದ ಅದು ವಿದ್ಯಾರ್ಥಿಯ ಪ್ರಧಾನ ಕೀಲಿಯಾಗಲಾರದು. ದಾಖಲಾತಿ ವಹಿಯ ಕ್ರಮಾಂಕವು ವಿದ್ಯಾರ್ಥಿಯು ಶಾಲೆ ಬಿಡುವವರೆಗೂ, ಬಿಟ್ಟ ಮೇಲೂ, ಅವನದೇ ಆಗಿರುತ್ತದೆ. ಆದ್ದರಿಂದ ಅದು ಆ ಶಾಲೆಯ ಮಟ್ಟಿಗೆ ಪ್ರಧಾನ ಕೀಲಿ. ಅಂಕಪಟ್ಟಿಯ ವಹಿಯಲ್ಲಿ ಹೆಸರಿನ ಬದಲು ಆ ಕ್ರಮಾಂಕವನ್ನು ಬರೆದರೆ ಅಲ್ಲಿ ಅದು ಅನ್ಯ ಕೀಲಿ. ಆದರೆ ವಿದ್ಯಾರ್ಥಿಯು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಹೋದಾಗ ಹಳೆಯ ಕ್ರಮಾಂಕಕ್ಕೆ ಅಲ್ಲಿ ಅರ್ಥವಿಲ್ಲ; ಹೊಸ ಶಾಲೆಯಲ್ಲಿ ಅದೇ ಕ್ರಮಾಂಕ ಬೇರೊಬ್ಬನದಾಗಿರಬಹುದು. ಕರ್ನಾಟಕದ ಶಿಕ್ಷಣ ಇಲಾಖೆಯು ಎಸ್‌ಎಟಿಎಸ್ ವ್ಯವಸ್ಥೆಯಲ್ಲಿ ಪ್ರತಿ ವಿದ್ಯಾರ್ಥಿಗೆ ರಾಜ್ಯಕ್ಕೆಲ್ಲ ಒಂದೇ ಆದ ಸಂಖ್ಯೆಯನ್ನು ನೀಡುತ್ತಿರುವುದು ಈ ತೊಡಕಿನ ಪರಿಹಾರವಾಗಿಯೂ ಒದಗುತ್ತದೆ.

ಒಂದೇ ದತ್ತಸಂಚಯದಲ್ಲಿ ಅನ್ಯ ಕೀಲಿಯ ನಿಯಮವನ್ನು ದತ್ತಸಂಚಯವೇ ಕಟ್ಟುನಿಟ್ಟಾಗಿ ಪಾಲಿಸುತ್ತದೆ. ದಾಖಲಾತಿ ವಹಿಯಲ್ಲಿ ಇಲ್ಲದ ಕ್ರಮಾಂಕಕ್ಕೆ ಅಂಕ ಬರೆಯಹೋದರೆ ಅದು ನಿರಾಕರಿಸುತ್ತದೆ. ಅಂಕಗಳಿರುವ ವಿದ್ಯಾರ್ಥಿಯ ಸಾಲನ್ನು ಅಳಿಸಹೋದರೂ ತಡೆಯುತ್ತದೆ. ಈ ರಕ್ಷಣೆಗೆ ಉಲ್ಲೇಖ ಸಮಗ್ರತೆ ಎಂದು ಹೆಸರು.

ಒಆರ್‌ಎಂ ಮಾಡುವ ಕೆಲಸ

ಜಾವಾ, ಪೈಥಾನ್, ರೂಬಿ ಮೊದಲಾದ ಭಾಷೆಗಳಲ್ಲಿ ತಂತ್ರಾಂಶ ಬರೆಯುವವರು ಮಾಹಿತಿಯನ್ನು ವಸ್ತುಗಳ ರೂಪದಲ್ಲಿ ಭಾವಿಸುತ್ತಾರೆ. 'ಜಮೀನು' ಎಂಬುದು ಒಂದು ವಸ್ತು. ಅದಕ್ಕೆ ಒಬ್ಬ ಅಥವಾ ಹಲವು 'ಮಾಲೀಕರು'. ಪ್ರತಿ ಮಾಲೀಕನಿಗೆ ಹಲವು ಜಮೀನುಗಳು. ವಸ್ತುಗಳು ಹೀಗೆ ಒಂದನ್ನೊಂದು ನೇರವಾಗಿ ಹಿಡಿದುಕೊಂಡಿರುತ್ತವೆ. ಕೋಷ್ಟಕಗಳಲ್ಲಿ ಅಂತಹ ಹಿಡಿತವಿಲ್ಲ, ಕೀಲಿಗಳ ಹೋಲಿಕೆ ಮಾತ್ರ ಇದೆ. ಈ ಎರಡು ಬಗೆಯ ಕಲ್ಪನೆಗಳ ನಡುವಿನ ಅಂತರವನ್ನು ತುಂಬುವುದೇ ಒಆರ್‌ಎಂ.

ಒಆರ್‌ಎಂ ಬಳಸುವಾಗ ತಂತ್ರಾಂಶ ರಚನಕಾರನು ಯಾವ ವಸ್ತು ಯಾವ ಕೋಷ್ಟಕಕ್ಕೆ, ವಸ್ತುವಿನ ಯಾವ ಗುಣ ಯಾವ ಅಂಕಣಕ್ಕೆ, ಯಾವ ಸಂಬಂಧ ಯಾವ ಅನ್ಯ ಕೀಲಿಗೆ ಹೊಂದುತ್ತದೆ ಎಂಬುದನ್ನು ಒಮ್ಮೆ ಘೋಷಿಸುತ್ತಾನೆ. ಅಲ್ಲಿಂದ ಮುಂದೆ ಬೇಕಾದ ಎಸ್‌ಕ್ಯೂಎಲ್ ವಾಕ್ಯಗಳನ್ನು ಒಆರ್‌ಎಂ ತಾನೇ ರಚಿಸುತ್ತದೆ. ಒಂದೇ ಸಾಲನ್ನು ಎರಡು ಬಾರಿ ಓದಿದರೂ ಸ್ಮೃತಿಯಲ್ಲಿ ಒಂದೇ ವಸ್ತು ಇರುವಂತೆ ನೋಡಿಕೊಳ್ಳುವುದು, ಆದ ಬದಲಾವಣೆಗಳನ್ನೆಲ್ಲ ಕೂಡಿಸಿ ಒಟ್ಟಿಗೆ ಬರೆಯುವುದು, ಸಂಬಂಧಿತ ವಸ್ತುವನ್ನು ಅಗತ್ಯ ಬಿದ್ದಾಗ ಮಾತ್ರ ತರುವುದು ಇವೂ ಅದರ ಕೆಲಸಗಳು.

ಗ್ಯಾವಿನ್ ಕಿಂಗ್ 2001ರಲ್ಲಿ ಆರಂಭಿಸಿದ ಜಾವಾ ಭಾಷೆಯ ಹೈಬರ್ನೇಟ್ ಈ ತಂತ್ರವನ್ನು ವ್ಯಾಪಕವಾಗಿ ಹರಡಿತು. 2006ರಲ್ಲಿ ಜಾವಾ ಪರ್ಸಿಸ್ಟೆನ್ಸ್ ಎಪಿಐ ಎಂಬ ಮಾನಕ ಬಂದಿತು. ರೂಬಿ ಆನ್ ರೈಲ್ಸ್‌ನ ಆಕ್ಟಿವ್ ರೆಕಾರ್ಡ್, ಪೈಥಾನ್ ಭಾಷೆಯ ಜಾಂಗೋ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ, ಮೈಕ್ರೋಸಾಫ್ಟ್‌ನ ಎಂಟಿಟಿ ಫ್ರೇಮ್‌ವರ್ಕ್ ಇತರ ಪ್ರಸಿದ್ಧ ಒಆರ್‌ಎಂಗಳು.

ಒಂದು ದತ್ತಸಂಚಯದಿಂದ ಹಲವು ದತ್ತಸಂಚಯಗಳಿಗೆ

ಒಆರ್‌ಎಂ ಬಳಸುವ ತಂತ್ರಾಂಶದಲ್ಲಿ 'ಜಮೀನಿನ ಮಾಲೀಕ' ಎಂದು ಬರೆದರೆ ಸಾಕು, ಮಾಲೀಕನ ವಿವರ ಬರುತ್ತದೆ. ಮಾಲೀಕರ ಕೋಷ್ಟಕವು ಪಕ್ಕದಲ್ಲಿಯೇ ಇದೆಯೋ ಬೇರೊಂದು ಊರಿನ ಗಣಕದಲ್ಲಿದೆಯೋ ಎಂಬುದು ಆ ಬರವಣಿಗೆಯಲ್ಲಿ ಕಾಣುವುದಿಲ್ಲ. ಇದು ಅನುಕೂಲವೂ ಹೌದು, ಅಪಾಯವೂ ಹೌದು. ದೂರವು ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ.

ದತ್ತಸಂಚಯಗಳು ಬೇರೆಯಾದಾಗ ಮುಖ್ಯವಾಗಿ ಮೂರು ಸೌಲಭ್ಯಗಳು ಕೈತಪ್ಪುತ್ತವೆ.

1. ಉಲ್ಲೇಖ ಸಮಗ್ರತೆ: ಒಂದು ದತ್ತಸಂಚಯವು ತನ್ನ ಹೊರಗಿನ ಸಾಲು ಇದೆಯೇ ಅಳಿದಿದೆಯೇ ಎಂದು ತಾನಾಗಿ ಪರೀಕ್ಷಿಸಲಾರದು.
2. ಕೂಡು ಪ್ರಶ್ನೆ: ಎರಡು ಕೋಷ್ಟಕಗಳನ್ನು ಒಂದೇ ಪ್ರಶ್ನೆಯಲ್ಲಿ ಬೆಸೆಯುವ 'ಜಾಯಿನ್' ಕ್ರಿಯೆಯು ಸಾಮಾನ್ಯವಾಗಿ ಒಂದೇ ದತ್ತಸಂಚಯದ ಒಳಗೆ ನಡೆಯುವಂಥದ್ದು.
3. ವ್ಯವಹಾರದ ಅಖಂಡತೆ: ಎರಡು ಬದಲಾವಣೆಗಳಲ್ಲಿ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು ಎಂಬ ಖಾತರಿ ತಾನಾಗಿ ದೊರೆಯುವುದಿಲ್ಲ.

ಈ ಕಾರಣದಿಂದಲೇ ಜಾಂಗೋ 2010ರಲ್ಲಿ ತನ್ನ 1.2ನೆಯ ಆವೃತ್ತಿಯಿಂದ ಹಲವು ದತ್ತಸಂಚಯಗಳನ್ನು ಬಳಸುವ ಅವಕಾಶ ನೀಡಿದ್ದರೂ ಒಂದು ದತ್ತಸಂಚಯದಿಂದ ಇನ್ನೊಂದಕ್ಕೆ ಅನ್ಯ ಕೀಲಿಯ ಸಂಬಂಧವನ್ನು ಬೆಂಬಲಿಸುವುದಿಲ್ಲ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಬೇರೆ ಬೇರೆ ವಸ್ತುಗಳನ್ನು ಬೇರೆ ಬೇರೆ ದತ್ತಸಂಚಯಗಳಿಗೆ ಹೊಂದಿಸಬಹುದು. ಆದರೆ ಅವುಗಳ ನಡುವೆ ಜಾಯಿನ್ ಸಾಧ್ಯವಿಲ್ಲ, ಒಂದೊಂದನ್ನೂ ಪ್ರತ್ಯೇಕವಾಗಿ ಕೇಳಿ ತರಬೇಕು.

ಜೋಡಣೆಯ ವಿಧಾನಗಳು

ತಂತ್ರಾಂಶದ ಮಟ್ಟದಲ್ಲಿ ಜೋಡಣೆ: ಮೊದಲ ದತ್ತಸಂಚಯದಿಂದ ಕೀಲಿಗಳ ಪಟ್ಟಿಯನ್ನು ಓದಿ, ಆ ಪಟ್ಟಿಯನ್ನು ಹಿಡಿದು ಎರಡನೆಯದನ್ನು ಪ್ರಶ್ನಿಸಿ, ಬಂದ ಉತ್ತರಗಳನ್ನು ಸ್ಮೃತಿಯಲ್ಲಿ ಹೊಂದಿಸುವುದು. ಹೆಚ್ಚಿನ ಒಆರ್‌ಎಂ ಬಳಕೆದಾರರು ಅನುಸರಿಸುವ ದಾರಿ ಇದೇ. ಪ್ರತಿ ಸಾಲಿಗೂ ಒಂದೊಂದು ಪ್ರಶ್ನೆ ಕಳುಹಿಸದೆ ಕೀಲಿಗಳನ್ನೆಲ್ಲ ಒಟ್ಟುಗೂಡಿಸಿ ಒಂದೇ ಬಾರಿ ಕೇಳುವುದು ಇಲ್ಲಿನ ಮುಖ್ಯ ಎಚ್ಚರಿಕೆ.

ದತ್ತಸಂಚಯದ ಮಟ್ಟದಲ್ಲಿ ಜೋಡಣೆ: ದೂರದ ಕೋಷ್ಟಕವು ಸ್ಥಳೀಯ ಕೋಷ್ಟಕದಂತೆಯೇ ತೋರುವಂತೆ ದತ್ತಸಂಚಯದಲ್ಲಿಯೇ ಏರ್ಪಾಡು ಮಾಡುವುದು. ಪೋಸ್ಟ್‌ಗ್ರೆಎಸ್‌ಕ್ಯೂಎಲ್ ದತ್ತಸಂಚಯದಲ್ಲಿ 'ಫಾರಿನ್ ಡೇಟಾ ವ್ರ್ಯಾಪರ್' ಎಂಬ ಸೌಲಭ್ಯ ಇದಕ್ಕಿದೆ. ಒಆರ್‌ಎಂಗೆ ಆಗ ಒಂದೇ ದತ್ತಸಂಚಯ ಕಾಣುತ್ತದೆ. ಆದರೂ ದೂರದ ಗಣಕ ನಿಂತುಹೋದರೆ ಪ್ರಶ್ನೆಯೂ ನಿಲ್ಲುತ್ತದೆ.

ಪ್ರತಿಯನ್ನು ಇಟ್ಟುಕೊಳ್ಳುವುದು: ಬೇಕಾದಷ್ಟು ಮಾಹಿತಿಯನ್ನು ನಿಯತಕಾಲಕ್ಕೆ ನಕಲು ಮಾಡಿ ತರುವುದು. ಪ್ರಶ್ನೆಗಳು ವೇಗವಾಗಿ ನಡೆಯುತ್ತವೆ. ಆದರೆ ನಕಲು ಮೂಲಕ್ಕಿಂತ ಹಳತಾಗಿರಬಹುದು.

ಸಂದೇಶಗಳ ಮೂಲಕ ಜೋಡಣೆ: ಒಂದು ಕಡೆ ಬದಲಾವಣೆಯಾದ ಕೂಡಲೇ ಇನ್ನೊಂದು ಕಡೆಗೆ ಗೊತ್ತಾದ ನಮೂನೆಯಲ್ಲಿ ಸೂಚನೆ ಕಳುಹಿಸುವುದು. ಯಾವ ಇಲಾಖೆಯೂ ಇನ್ನೊಂದರ ಕೋಷ್ಟಕಗಳಿಗೆ ಕೈ ಹಾಕುವುದಿಲ್ಲ. ಸರಕಾರಿ ಇಲಾಖೆಗಳ ನಡುವೆ ಈ ಕ್ರಮವೇ ಹೆಚ್ಚು ಯುಕ್ತವಾದುದು.

ಕರ್ನಾಟಕದ ಉದಾಹರಣೆ: ಭೂಮಿ ಮತ್ತು ಕಾವೇರಿ

ಕರ್ನಾಟಕದಲ್ಲಿ ಕೃಷಿ ಜಮೀನಿನ ವಿಷಯವನ್ನು ಎರಡು ಇಲಾಖೆಗಳು ಎರಡು ದೃಷ್ಟಿಗಳಿಂದ ದಾಖಲಿಸುತ್ತವೆ. ಕಂದಾಯ ಇಲಾಖೆಯು ಜಮೀನನ್ನು ಆಧಾರವಾಗಿಟ್ಟುಕೊಂಡು ಅದರ ಹಕ್ಕುದಾರ, ವಿಸ್ತೀರ್ಣ, ಬೆಳೆ, ಸಾಲದ ಬೋಜಾ ಇವುಗಳನ್ನು ಬರೆಯುತ್ತದೆ. ನೋಂದಣಿ ಇಲಾಖೆಯು 1908ರ ನೋಂದಣಿ ಕಾಯ್ದೆಯ ಪ್ರಕಾರ ಖರೀದಿ, ದಾನ, ವಿಭಾಗ ಮೊದಲಾದ ಪತ್ರಗಳನ್ನು ದಾಖಲಿಸುತ್ತದೆ. ಮೊದಲನೆಯದರಲ್ಲಿ 'ಜಮೀನು' ಮುಖ್ಯ ವಸ್ತು. ಎರಡನೆಯದರಲ್ಲಿ 'ದಸ್ತಾವೇಜು' ಮುಖ್ಯ ವಸ್ತು. ಮುಂದಿನ ವಿವರಣೆಯಲ್ಲಿ ಈ ವ್ಯವಸ್ಥೆಗಳನ್ನು ಜೋಡಣೆಯ ತತ್ತ್ವಕ್ಕೆ ಉದಾಹರಣೆಯಾಗಿ ಮಾತ್ರ ತೆಗೆದುಕೊಳ್ಳಲಾಗಿದೆ.

ಭೂಮಿ ಯೋಜನೆಗಿಂತ ಮೊದಲು ಪಹಣಿಗಳು ಸುಮಾರು 9,000 ಗ್ರಾಮ ಲೆಕ್ಕಾಧಿಕಾರಿಗಳ ಕೈಬರಹದ ವಹಿಗಳಲ್ಲಿದ್ದವು. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಸಿದ್ಧಪಡಿಸಿದ ತಂತ್ರಾಂಶದ ನೆರವಿನಿಂದ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿ ಪಹಣಿಗಳನ್ನು ಗಣಕೀಕರಿಸಲಾಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆರಂಭದಲ್ಲಿ 15 ರೂಪಾಯಿ ಶುಲ್ಕಕ್ಕೆ ಮುದ್ರಿತ ಪಹಣಿ ದೊರೆಯತೊಡಗಿತು. ಮೊದಲು ತಾಲ್ಲೂಕಿಗೊಂದರಂತೆ ಇದ್ದ ದತ್ತಸಂಚಯಗಳು ಮುಂದೆ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಬಂದವು. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶವು 2003ರಲ್ಲಿ ಬಂದಿತು. ಅದರ ಹೊಸ ರೂಪವಾದ ಕಾವೇರಿ 2.0 ಬಂದುದು 2023ರಲ್ಲಿ.

ಇವೆರಡೂ ಗಣಕೀಕರಣಗೊಂಡರೂ ಪರಸ್ಪರ ಸಂಪರ್ಕವಿಲ್ಲದಿದ್ದರೆ ಹಳೆಯ ಅಪಾಯ ಉಳಿಯುತ್ತದೆ. ಪಹಣಿಯಲ್ಲಿ ಹೆಸರಿಲ್ಲದವನು ಜಮೀನು ಮಾರಬಹುದು. ಖರೀದಿ ಮುಗಿದರೂ ಪಹಣಿಯಲ್ಲಿ ಮಾರಿದವನ ಹೆಸರೇ ಉಳಿದು, ಅದೇ ಜಮೀನು ಮತ್ತೊಬ್ಬನಿಗೆ ಮಾರಾಟವಾಗಬಹುದು. ಎರಡನೆಯ ಖರೀದಿದಾರನು ತನ್ನ ಜೀವಮಾನದ ಉಳಿತಾಯವನ್ನು ಕಳೆದುಕೊಂಡು ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ದತ್ತಸಂಚಯಗಳ ಜೋಡಣೆಯ ಪ್ರಶ್ನೆ ಇಲ್ಲಿ ಕೇವಲ ತಾಂತ್ರಿಕ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಜೋಡಣೆಯಾದ ಬಳಿಕ ಕ್ರಮವು ಸ್ಥೂಲವಾಗಿ ಹೀಗೆ ಸಾಗುತ್ತದೆ:

1. ನೋಂದಣಿಗೆ ಮುನ್ನ ಉಪನೋಂದಣಿ ಕಚೇರಿಯು ಭೂಮಿ ವ್ಯವಸ್ಥೆಯಿಂದ ಪಹಣಿಯ ವಿವರ ಪಡೆದು ಮಾರುವವನ ಹೆಸರನ್ನು ತಾಳೆ ನೋಡುತ್ತದೆ.
2. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ ಭೂಮಾಪನ ಇಲಾಖೆಯ 'ಮೋಜಿಣಿ' ವ್ಯವಸ್ಥೆಯಿಂದ 11ಇ ನಕ್ಷೆ ಬೇಕಾಗುತ್ತದೆ.
3. ನೋಂದಣಿ ಮುಗಿದ ಮೇಲೆ ಕಾವೇರಿಯಿಂದ ಭೂಮಿಗೆ 'ಜೆ' ನಮೂನೆಯ ಸೂಚನೆ ಹೋಗುತ್ತದೆ.
4. ಅದರ ಆಧಾರದ ಮೇಲೆ ಹಕ್ಕು ಬದಲಾವಣೆ, ಅಂದರೆ ಮ್ಯುಟೇಶನ್, ಆರಂಭವಾಗಿ, ಆಕ್ಷೇಪಣೆಗೆ ಅವಕಾಶ ನೀಡಿ, ಅಧಿಕಾರಿಯ ಅನುಮೋದನೆಯಾದ ಬಳಿಕ ಪಹಣಿಯಲ್ಲಿ ಹೊಸ ಹೆಸರು ಬರುತ್ತದೆ.

ಇದು ಮೇಲೆ ಹೇಳಿದ ಸಂದೇಶ ವಿಧಾನಕ್ಕೆ ಸರಿಯಾದ ಉದಾಹರಣೆ. ಕಾವೇರಿಯು ಭೂಮಿಯ ಕೋಷ್ಟಕದಲ್ಲಿ ತಾನೇ ಹೆಸರನ್ನು ತಿದ್ದುವುದಿಲ್ಲ. ಅದು ಸೂಚನೆ ಕೊಡುತ್ತದೆ. ತಿದ್ದುವ ಅಧಿಕಾರ ಮತ್ತು ಹೊಣೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಪ್ರಕಾರ ಕಂದಾಯ ಇಲಾಖೆಯದೇ ಆಗಿರುತ್ತದೆ. ಇಂತಹ ಕಡೆ ಒಆರ್‌ಎಂ ಬಳಸುವವರು ಅನ್ಯ ಇಲಾಖೆಯ ದಾಖಲೆಯನ್ನು ಓದಲು ಮಾತ್ರ ಸಾಧ್ಯವಿರುವ ವಸ್ತುವಾಗಿ ಘೋಷಿಸುವುದು ಒಳ್ಳೆಯ ಕ್ರಮ.

ಕೀಲಿಯ ಆಯ್ಕೆ

ಬೇರೆ ಬೇರೆ ದತ್ತಸಂಚಯಗಳನ್ನು ಜೋಡಿಸುವಾಗ ಎರಡೂ ಕಡೆ ಇರುವ, ಎರಡೂ ಕಡೆ ಒಂದೇ ಅರ್ಥವುಳ್ಳ ಕೀಲಿ ಬೇಕು. ಪಹಣಿಯನ್ನು ಹುಡುಕುವಾಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಹಿಸ್ಸಾ ನಂಬರ್ ಮೊದಲಾದವುಗಳನ್ನು ಕೊಡಬೇಕಾಗುತ್ತದೆ. ಸರ್ವೆ ನಂಬರ್ 45 ಎಂಬುದು ಹಲವು ಗ್ರಾಮಗಳಲ್ಲಿ ಇರಬಹುದಾದ್ದರಿಂದ ಅದೊಂದೇ ಸಾಲದು. ಹೀಗೆ ಹಲವು ಅಂಕಣಗಳು ಕೂಡಿ ಆದ ಕೀಲಿಗೆ ಸಂಯುಕ್ತ ಕೀಲಿ ಎನ್ನುತ್ತಾರೆ. ಲೋಕದಲ್ಲಿ ಅರ್ಥವಿರುವ ಇಂತಹ ಕೀಲಿಯು ಸಹಜ ಕೀಲಿ. ದತ್ತಸಂಚಯಕ್ಕಾಗಿಯೇ ಹುಟ್ಟಿಸಿದ, ಬೇರೆ ಅರ್ಥವಿಲ್ಲದ ಸಂಖ್ಯೆಯು ಕೃತಕ ಕೀಲಿ.

ಸಹಜ ಕೀಲಿಯು ಓದುವವರಿಗೆ ಅರ್ಥವಾಗುತ್ತದೆ. ಆದರೆ ಲೋಕ ಬದಲಾದರೆ ಅದೂ ಬದಲಾಗುತ್ತದೆ. ಮುಧೋಳ ಸೀಮೆಯ ಆಡಳಿತ ಚರಿತ್ರೆಯೇ ಇದಕ್ಕೆ ಸಾಕ್ಷಿ. ಮುಧೋಳ ಮತ್ತು ಜಮಖಂಡಿ 1948ರವರೆಗೆ ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಆ ವರ್ಷ ಅವು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದವು. 1997ರಲ್ಲಿ ಬಾಗಲಕೋಟೆ ಜಿಲ್ಲೆ ರಚನೆಯಾದಾಗ ಜಿಲ್ಲೆ ಬದಲಾಯಿತು. ಬಳಿಕ ರಬಕವಿ-ಬನಹಟ್ಟಿ ತಾಲ್ಲೂಕು ರಚನೆಯಾಗಿ, ಮುಧೋಳ ತಾಲ್ಲೂಕಿನಲ್ಲಿದ್ದ ಮಹಾಲಿಂಗಪುರವು ಆ ತಾಲ್ಲೂಕಿಗೆ ಸೇರಿತು. ಹೊಲ ಇದ್ದಲ್ಲಿಯೇ ಇದೆ, ಬದುವೂ ಸರಿದಿಲ್ಲ. ಆದರೆ ಅದರ ವಿಳಾಸ ಮತ್ತೆ ಮತ್ತೆ ಬದಲಾಗಿದೆ. ಜಿಲ್ಲೆ ಮತ್ತು ತಾಲ್ಲೂಕಿನ ಸಂಕೇತಗಳನ್ನು ಕೀಲಿಯೊಳಗೆ ಸೇರಿಸಿ ಇನ್ನೊಂದು ದತ್ತಸಂಚಯದಲ್ಲಿ ಬರೆದಿಟ್ಟಿದ್ದರೆ, ತಾಲ್ಲೂಕು ವಿಭಜನೆಯಾದ ದಿನವೇ ಆ ಕೊಂಡಿಗಳು ಕಳಚುತ್ತವೆ.

ಅಣ್ಣತಮ್ಮಂದಿರು ಬೇರೆಯಾದಾಗಲೂ ಇದೇ ತೊಡಕು. ಹಿಸ್ಸೆಯು ಒಡೆದು ಹಳೆಯ ಒಂದು ಸಾಲಿನ ಬದಲು ಎರಡು ಅಥವಾ ಮೂರು ಹೊಸ ಸಾಲುಗಳಾಗುತ್ತವೆ. ಹಳೆಯ ಹಿಸ್ಸೆಯನ್ನು ಆಧರಿಸಿ ಬ್ಯಾಂಕು ನೀಡಿದ ಸಾಲವು ಹೊಸದಾದ ಯಾವ ಸಾಲಿಗೆ ಸೇರಬೇಕು ಎಂಬುದನ್ನು ಯಾವ ಒಆರ್‌ಎಂ ಕೂಡ ತಾನಾಗಿ ನಿರ್ಧರಿಸಲಾರದು. ಹಳೆಯ ಮತ್ತು ಹೊಸ ಕೀಲಿಗಳ ವಂಶಾವಳಿಯನ್ನು ದಿನಾಂಕ ಸಹಿತ ಇಟ್ಟಿರುವ ಪ್ರತ್ಯೇಕ ಕೋಷ್ಟಕ ಇದ್ದರೆ ಮಾತ್ರ ಜಾಡು ಹಿಡಿಯಬಹುದು.

ಇದಕ್ಕಾಗಿ ಜೋಡಣೆಯಲ್ಲಿ ಬದಲಾಗದ ಸಂಖ್ಯೆಯನ್ನು ಬಳಸಿ, ಜಿಲ್ಲೆ ಮತ್ತು ತಾಲ್ಲೂಕುಗಳನ್ನು ಕೇವಲ ಗುಣಗಳಾಗಿ ಇಡುವುದು ಉತ್ತಮ. ಕೇಂದ್ರ ಸರಕಾರವು 2021ರಲ್ಲಿ ಆರಂಭಿಸಿದ, ಪ್ರತಿ ಭೂಭಾಗಕ್ಕೆ 14 ಅಂಕಿ-ಅಕ್ಷರಗಳ ಒಂದು ಗುರುತು ನೀಡುವ, 'ಭೂ-ಆಧಾರ್' ಎಂದು ಕರೆಯಲ್ಪಡುವ ಯೋಜನೆಯ ಹಿಂದಿರುವ ತರ್ಕವೂ ಇದೇ.

ಹೆಸರು ಕೀಲಿಯಾಗಲಾರದು

ಸಮಾನ ಕೀಲಿ ಇಲ್ಲದಿರುವಾಗ ಹೆಸರನ್ನೇ ಹಿಡಿದು ಜೋಡಿಸುವ ಪ್ರಲೋಭನೆ ಉಂಟಾಗುತ್ತದೆ. ಇದು ಅತ್ಯಂತ ಅಪಾಯದ ದಾರಿ. ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡಬಹುದು. ಉತಾರದಲ್ಲಿ 'ನೀಲವ್ವ ಗಂಡ ಕಲ್ಲಪ್ಪ' ಎಂದಿರುವ ಹೆಸರು ಆಧಾರ್ ಚೀಟಿಯಲ್ಲಿ 'ನೀಲಮ್ಮ ಕಲ್ಲಪ್ಪ' ಎಂದೂ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇಂಗ್ಲಿಷ್ ಲಿಪಿಯಲ್ಲಿ 'ನೀಲವಾ ಕೆ.' ಎಂದೂ ಇರಬಹುದು. ಊರಿನವರಿಗೆ ಮೂವರೂ ಒಬ್ಬಳೇ. ಗಣಕಕ್ಕೆ ಮೂವರು ಬೇರೆ ಬೇರೆ. ಇದಕ್ಕೆ ವಿರುದ್ಧವಾಗಿ ಒಂದೇ ಊರಿನ ಇಬ್ಬರು ಕಲ್ಲಪ್ಪಂದಿರು ಗಣಕದ ಕಣ್ಣಿಗೆ ಒಬ್ಬನೇ ಆಗಿಬಿಡಬಹುದು.

ಕನ್ನಡ ಲಿಪಿಗೆ ವಿಶಿಷ್ಟವಾದ ತೊಡಕುಗಳೂ ಇವೆ. ಯೂನಿಕೋಡ್ ಸಂಕೇತದಲ್ಲಿ 'ಲೋ' ಅಕ್ಷರದ ಓಕಾರವನ್ನು ಒಂದೇ ಚಿಹ್ನೆಯಾಗಿ, ಇಲ್ಲವೇ ಒಕಾರ ಮತ್ತು ದೀರ್ಘ ಎಂಬ ಎರಡು ಚಿಹ್ನೆಗಳಾಗಿ, ಇಲ್ಲವೇ ಎಕಾರ, ಊಕಾರ ಮತ್ತು ದೀರ್ಘ ಎಂಬ ಮೂರು ಚಿಹ್ನೆಗಳಾಗಿ ಬರೆಯಲು ಸಾಧ್ಯ. ಮುಧೋಳ ತಾಲ್ಲೂಕಿನ 'ಲೋಕಾಪುರ' ಎಂಬ ಹೆಸರು ತೆರೆಯ ಮೇಲೆ ಮೂರು ಬಗೆಯಲ್ಲೂ ಒಂದೇ ರೀತಿ ಕಾಣುತ್ತದೆ. ಆದರೆ ಅಕ್ಷರ ಸಂಕೇತಗಳನ್ನಷ್ಟೇ ಹೋಲಿಸುವ ದತ್ತಸಂಚಯಕ್ಕೆ ಅವು ಮೂರು ಬೇರೆ ಊರುಗಳು. ಆದ್ದರಿಂದ ಹೋಲಿಸುವ ಮೊದಲು ಎರಡೂ ಕಡೆಯ ಬರಹವನ್ನು ಯೂನಿಕೋಡ್ ಹೇಳುವ ಏಕರೂಪಕ್ಕೆ ತರಬೇಕು. ಯೂನಿಕೋಡ್ ಬಳಕೆಗೆ ಬರುವ ಮೊದಲು ಬೇರೆ ಬೇರೆ ಕನ್ನಡ ತಂತ್ರಾಂಶಗಳಲ್ಲಿ ಸಿದ್ಧವಾದ ದಾಖಲೆಗಳನ್ನು ಮೊದಲು ಪರಿವರ್ತಿಸಬೇಕಾಗುತ್ತದೆ.

ಹೆಸರು, ವಯಸ್ಸು, ಊರು ಮೊದಲಾದವುಗಳ ಸಾಮ್ಯದಿಂದ ಎರಡು ದಾಖಲೆಗಳು ಒಬ್ಬರವೇ ಎಂದು ಊಹಿಸುವ ಶಾಸ್ತ್ರಕ್ಕೆ ದಾಖಲೆ ಜೋಡಣೆ ಎಂದು ಹೆಸರು. ಹಾಲ್ಬರ್ಟ್ ಡನ್ 1946ರಲ್ಲಿ ಈ ಕಲ್ಪನೆಯನ್ನು ಮಂಡಿಸಿದರು. ಫೆಲೆಗಿ ಮತ್ತು ಸಂಟರ್ 1969ರಲ್ಲಿ ಅದಕ್ಕೆ ಸಂಭಾವ್ಯತೆಯ ಗಣಿತವನ್ನು ಒದಗಿಸಿದರು. ಈ ಶಾಸ್ತ್ರದ ಫಲ ಊಹೆಯೇ ಹೊರತು ನಿರ್ಣಯವಲ್ಲ. ಸಂದೇಹವಿರುವ ಜೋಡಿಗಳನ್ನು ಮನುಷ್ಯನು ಕಾಗದಪತ್ರ ನೋಡಿ ನಿಶ್ಚಯಿಸಬೇಕು. ಒಮ್ಮೆ ನಿಶ್ಚಯಿಸಿದ್ದನ್ನು, ಯಾರು ಯಾವಾಗ ನಿಶ್ಚಯಿಸಿದರು ಎಂಬುದರೊಡನೆ, ಕೊಂಡಿ ಕೋಷ್ಟಕದಲ್ಲಿ ಬರೆದಿಡಬೇಕು. ಒಆರ್‌ಎಂನಲ್ಲಿ ಈ ಕೊಂಡಿಯನ್ನೇ ಒಂದು ಪ್ರತ್ಯೇಕ ವಸ್ತುವಾಗಿ ಘೋಷಿಸಿದರೆ ತಪ್ಪಾದಾಗ ತಿದ್ದುವುದು ಸಾಧ್ಯವಾಗುತ್ತದೆ.

ಇದರ ಮಹತ್ವವು ವಿಪತ್ತಿನ ಕಾಲದಲ್ಲಿ ಸ್ಪಷ್ಟವಾಗುತ್ತದೆ. 2019ರ ಆಗಸ್ಟ್ ತಿಂಗಳಿನಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗಗಳ ಹೊಲಗಳು ಮುಳುಗಿದವು. ಬೆಳೆಹಾನಿಯ ಪರಿಹಾರವು 'ಪರಿಹಾರ' ಎಂಬ ತಂತ್ರಾಂಶದ ಮೂಲಕ ರೈತನ ಬ್ಯಾಂಕ್ ಖಾತೆಗೆ ನೇರವಾಗಿ ಜಮೆಯಾಗಬೇಕಾದರೆ ಪಹಣಿ, ಆಧಾರ್, ಬ್ಯಾಂಕ್ ಖಾತೆ ಈ ಮೂರೂ ಒಬ್ಬನವೇ ಎಂದು ಸ್ಥಾಪಿತವಾಗಬೇಕು. ಎಲ್ಲಿಯಾದರೂ ಒಂದು ಕೊಂಡಿ ತಪ್ಪಿದರೆ ಹಣ ನಿಲ್ಲುತ್ತದೆ ಅಥವಾ ಅನ್ಯರಿಗೆ ಹೋಗುತ್ತದೆ. ರೈತರಿಗೆ ಒಂದೇ ಗುರುತಿನ ಸಂಖ್ಯೆ ನೀಡಿ, ಅವರ ಸರ್ವೆ ನಂಬರ್‌ಗಳನ್ನೆಲ್ಲ ಅದಕ್ಕೆ ಜೋಡಿಸುವ 'ಫ್ರೂಟ್ಸ್' ವ್ಯವಸ್ಥೆಯನ್ನು ಕರ್ನಾಟಕ ಸರಕಾರವು ರೂಪಿಸಿರುವುದಕ್ಕೆ ಇಂತಹ ಅಗತ್ಯವೂ ಒಂದು ಕಾರಣ.

ವ್ಯವಹಾರದ ಅಖಂಡತೆ

ಎರಡು ದತ್ತಸಂಚಯಗಳಲ್ಲಿ ಒಟ್ಟಿಗೆ ಬದಲಾವಣೆ ಮಾಡಬೇಕಾದಾಗ 'ಎರಡು ಹಂತದ ಒಪ್ಪಿಗೆ' ಎಂಬ ಕ್ರಮವಿದೆ. ಮೊದಲ ಹಂತದಲ್ಲಿ ಮಧ್ಯಸ್ಥ ತಂತ್ರಾಂಶವು ಎರಡನ್ನೂ 'ಸಿದ್ಧವೇ' ಎಂದು ಕೇಳುತ್ತದೆ. ಎರಡೂ ಹೌದೆಂದರೆ ಎರಡನೆಯ ಹಂತದಲ್ಲಿ 'ಬರೆಯಿರಿ' ಎಂದು ಆಜ್ಞಾಪಿಸುತ್ತದೆ. ಹೈಬರ್ನೇಟ್ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿಗಳಲ್ಲಿ ಇದನ್ನು ಬಳಸಲು ಅವಕಾಶವಿದೆ. ಆದರೆ ಎರಡು ಹಂತಗಳ ನಡುವೆ ಮಧ್ಯಸ್ಥನೇ ನಿಂತುಹೋದರೆ ಎರಡೂ ಕಡೆಯ ಸಾಲುಗಳು ಬೀಗ ಬಿದ್ದ ಸ್ಥಿತಿಯಲ್ಲಿ ಕಾಯುತ್ತವೆ.

ಇಲಾಖೆಗಳ ನಡುವೆ ದಿನಗಟ್ಟಲೆ ನಡೆಯುವ ವ್ಯವಹಾರಗಳಿಗೆ ಈ ಕ್ರಮ ಹೊಂದುವುದಿಲ್ಲ. ಅಂತಲ್ಲಿ 'ಸಾಗಾ' ಎಂಬ ಕ್ರಮವಿದೆ. ಗಾರ್ಸಿಯಾ-ಮೊಲಿನಾ ಮತ್ತು ಸೇಲಂ 1987ರಲ್ಲಿ ಇದನ್ನು ವಿವರಿಸಿದರು. ಇದರಲ್ಲಿ ದೊಡ್ಡ ವ್ಯವಹಾರವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆದು, ಪ್ರತಿ ಹೆಜ್ಜೆಗೂ ಅದನ್ನು ಪರಿಹರಿಸುವ ಪ್ರತಿಹೆಜ್ಜೆಯನ್ನು ಮೊದಲೇ ಗೊತ್ತುಪಡಿಸಲಾಗುತ್ತದೆ. ನೋಂದಣಿ, ಸೂಚನೆ, ಆಕ್ಷೇಪಣೆಯ ಅವಧಿ, ಅನುಮೋದನೆ ಎಂಬ ಜಮೀನಿನ ಹಕ್ಕು ಬದಲಾವಣೆಯ ಸರಣಿಯು ಸ್ವಭಾವದಲ್ಲಿ ಇದನ್ನೇ ಹೋಲುತ್ತದೆ. ಇಂತಹ ಸರಣಿಯಲ್ಲಿ ಸ್ವಲ್ಪ ಕಾಲ ಎರಡು ದತ್ತಸಂಚಯಗಳು ಬೇರೆ ಬೇರೆ ಮಾತು ಹೇಳುತ್ತಿರುತ್ತವೆ. ಆ ಅವಧಿಯಲ್ಲಿ ಜಮೀನಿನ ಮೇಲೆ ವ್ಯವಹಾರ ಬಾಕಿ ಇದೆ ಎಂಬುದು ನೋಡುವವರಿಗೆ ಕಾಣುವಂತಿರಬೇಕು.

ಮಿತಿಗಳು ಮತ್ತು ಎಚ್ಚರಿಕೆಗಳು

ನೂರು ಜಮೀನುಗಳ ಪಟ್ಟಿಯನ್ನು ತೋರಿಸುವಾಗ ಒಆರ್‌ಎಂ ಪಟ್ಟಿಗಾಗಿ 1 ಪ್ರಶ್ನೆಯನ್ನೂ ಒಬ್ಬೊಬ್ಬ ಮಾಲೀಕನಿಗಾಗಿ ಮತ್ತೆ 100 ಪ್ರಶ್ನೆಗಳನ್ನೂ ಕಳುಹಿಸುವ ಸಂಭವವಿದೆ. ಒಂದೇ ಗಣಕದಲ್ಲಿ ಇದು ಅಷ್ಟಾಗಿ ಬಾಧಿಸದಿದ್ದರೂ ದೂರದ ದತ್ತಸಂಚಯದ ವಿಷಯದಲ್ಲಿ ಕಿಟಕಿಯ ಮುಂದೆ ನಿಂತವರ ಸರತಿಯಾಗಿ ಪರಿಣಮಿಸುತ್ತದೆ.

ಮೂಲ ದಾಖಲೆಯೇ ಹಳತಾಗಿದ್ದರೆ ಜೋಡಣೆ ಅದನ್ನು ಸರಿಪಡಿಸುವುದಿಲ್ಲ. ಉತಾರವು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿದ್ದು, ವಾರಸಾ ದಾಖಲಾಗದೆ ಇದ್ದರೆ, ಎಲ್ಲ ಕೀಲಿಗಳೂ ಸರಿಯಿದ್ದರೂ ಉಳುವ ಮೊಮ್ಮಗನಿಗೆ ಅದರ ಪ್ರಯೋಜನ ದೊರೆಯದು.

ಜೋಡಣೆಯು ಖಾಸಗಿತನದ ಪ್ರಶ್ನೆಯನ್ನೂ ಎತ್ತುತ್ತದೆ. ಬೇರೆ ಬೇರೆಯಾಗಿ ಇದ್ದಾಗ ನಿರಪಾಯವಾದ ಮಾಹಿತಿಗಳು ಒಂದಾದಾಗ ವ್ಯಕ್ತಿಯ ಆಸ್ತಿ, ಸಾಲ, ಕುಟುಂಬಗಳ ಪೂರ್ಣ ಚಿತ್ರವನ್ನೇ ಕೊಡುತ್ತವೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಬಂದಿತು. ಒಆರ್‌ಎಂ ಸಂಬಂಧಿತ ವಸ್ತುವನ್ನು ಇಡಿಯಾಗಿ ತರುವ ಸ್ವಭಾವದ್ದು. ಆದುದರಿಂದ ಕೆಲಸಕ್ಕೆ ಬೇಕಾದ ಅಂಕಣಗಳನ್ನಷ್ಟೇ ಘೋಷಿಸುವುದು, ಯಾರು ಏನನ್ನು ನೋಡಿದರು ಎಂಬುದನ್ನು ದಾಖಲಿಸುವುದು ಅಗತ್ಯ.

ಒಟ್ಟಿನಲ್ಲಿ, ಒಆರ್‌ಎಂ ಕೋಷ್ಟಕ ಮತ್ತು ವಸ್ತುಗಳ ನಡುವಿನ ಅನುವಾದವನ್ನು ಮಾಡಿಕೊಡುತ್ತದೆ. ಎರಡು ದಾಖಲೆಗಳು ಒಂದೇ ಹೊಲದವು ಅಥವಾ ಒಬ್ಬಳೇ ಹೆಣ್ಣುಮಗಳವು ಎಂದು ನಿಶ್ಚಯಿಸುವುದು, ಬದಲಾಗದ ಕೀಲಿಯೊಂದನ್ನು ಒಪ್ಪಿಕೊಳ್ಳುವುದು, ತಪ್ಪಾದಾಗ ತಿದ್ದುವ ಹೊಣೆಯನ್ನು ಯಾರಿಗಾದರೂ ವಹಿಸುವುದು ಇವು ದಾಖಲೆಗಳನ್ನು ಇಟ್ಟುಕೊಂಡಿರುವ ಸಂಸ್ಥೆಗಳ ಕೆಲಸವಾಗಿಯೇ ಉಳಿಯುತ್ತವೆ.

ಇವನ್ನೂ ನೋಡಿ

ಸಂಬಂಧಾತ್ಮಕ ದತ್ತಸಂಚಯ
ಎಸ್‌ಕ್ಯೂಎಲ್
ಭೂಮಿ ಯೋಜನೆ
ಯೂನಿಕೋಡ್
ಮುಧೋಳ
ಬಾಗಲಕೋಟೆ ಜಿಲ್ಲೆ